ಸೊಸೆಗಣ್ಣೀರು

ಗಾಳಿ ತೆಳ್ಳಗಾದ ಬೆಟ್ಟದ ಹೆಗಲ ಮೇಲೆ
ಮೊಣಕಾಲೂರಿ ಕೂತಿದ್ದಾಳೆ ಮೆಲ್ಚೋರಾ ಯುಕ್ರಾ.
ಕುಸ್ಕೊ ಪಟ್ಟಣದಿಂದ ಲಾರಿಯಲ್ಲಿ ಆರು ತಾಸು,
ಆಮೇಲೆ ಕಾಲೇ ಗತಿ.
ಮಡಿಲಲ್ಲಿ ಆಲೂಗಡ್ಡೆ. ಕಪ್ಪಗೆ, ಗಂಟುಗಂಟಾಗಿ,
ಮುದುಕಿ ಬಿಗಿದ ಮುಷ್ಟಿಯ ಹಾಗೆ.
ಸೊಸೆಗಣ್ಣೀರು ಅಂತ ಇದರ ಹೆಸರು:
ಮದುವೆಯಾಗಿ ಬಂದವಳ ಕೈಗೆ ಚಾಕು ಕೊಟ್ಟು
ಸುಲಿ ನೋಡೋಣ ಅನ್ನುತ್ತಾಳೆ ಅತ್ತೆ.
ಸಿಪ್ಪೆ ದಪ್ಪಗೆ ಬಂದರೆ ಹುಡುಗಿ ದುಂದುಗಾರ್ತಿ.
ಮೆಲ್ಚೋರಾ ಅತ್ತಿರಲಿಲ್ಲ.
ಬೆರಳು ಕೊಯ್ದುಕೊಂಡಿದ್ದಳು, ಅಷ್ಟೆ.

ಸಣ್ಣದನ್ನು ಇಡಿಯಾಗಿ ನೆಡುತ್ತಾಳೆ, ದೊಡ್ಡದನ್ನು ಹೆಚ್ಚಿ;
ಹೋಳಿಗೊಂದು ಕಣ್ಣಿದ್ದರೆ ಆಯಿತು.
ಗಂಡು ಬೇಡ, ಗಳಿಗೆ ಬೇಡ, ಓಲಗ ಬೇಡ,
ಕತ್ತಲಲ್ಲೇ ಕಣ್ಣು ಬಿಡುತ್ತದೆ.
ಇದು ಹುಟ್ಟಲ್ಲ, ಮುಂದುವರಿಕೆ.
ಅತ್ತೆಯ ಅತ್ತೆ ಬಾಯಿ ಸುಟ್ಟುಕೊಂಡು ತಿಂದದ್ದು
ಇದರ ಅಜ್ಜಿಯನ್ನಲ್ಲ, ಇದನ್ನೇ.
ನಾಲ್ಕು ತಲೆಮಾರು ಹೂತ ಮಣ್ಣಿನಲ್ಲಿ
ಒಂದು ಗಡ್ಡೆ ಮಾತ್ರ ಸಾಯುವುದನ್ನು ಮರೆತಿದೆ.

ನನ್ನ ಭಾಷೆಯಲ್ಲಿ ಕಂದ ಅಂದರೆ ಗಡ್ಡೆ,
ಕಂದ ಅಂದರೆ ಮಗು ಅಂದೆ.
ದುಭಾಷಿ ಹುಡುಗ ಎರಡು ಸಲ ತಿರುಗಿಸಿ ಹೇಳಬೇಕಾಯಿತು.
ನಕ್ಕಳು. ಮೊದಲನೆಯದು ಸಾವಿರ ಹೆತ್ತೆ ಅಂದಳು,
ಎರಡನೆಯದು ಒಂದೂ ಇಲ್ಲ.

ಹಾಗಂತ ಗಿಡ ಹೂ ಬಿಡುವುದನ್ನು ಬಿಟ್ಟಿಲ್ಲ.
ಫೆಬ್ರವರಿಯಲ್ಲಿ ಹೊಲವಿಡೀ ನೇರಳೆ.
ಕರೆಯದೆ ಬಂದ ದಪ್ಪ ದುಂಬಿ
ನಡುವಿನ ಹಳದಿ ಗೊನೆಗೆ ಹೊಟ್ಟೆಯೊತ್ತಿ
ರೆಕ್ಕೆ ಮಡಚಿ ಮೈಯೆಲ್ಲ ನಡುಗಿಸುತ್ತದೆ,
ಬಿಗಿದ ತಂತಿಯೊಂದು ಝುಂ ಅಂದ ಹಾಗೆ.
ಆ ನಡುಕಕ್ಕೇ ಪರಾಗ ಉದುರಬೇಕು,
ಬೇರೆ ಯಾವ ಓಲೈಕೆಗೂ ಬಗ್ಗದು.
ಮೇಲಿನ ಹೊಲದ ಬಿಳಿಗಡ್ಡೆಯ ಧೂಳು
ಕೆಳಗಿನ ಕಪ್ಪುಗಡ್ಡೆಯ ಹೂವಿಗೆ.
ಊರಿಗೆ ಸುದ್ದಿಯಿಲ್ಲ.
ಆಮೇಲೆ ಗೋಲಿಯಂಥ ಹಸಿರು ಕಾಯಿ;
ತಿಂದರೆ ವಿಷ, ಮಕ್ಕಳ ಕವಣೆಗೆ ಹಬ್ಬ.
ಒಳಗೆ ಇನ್ನೂರು ಬೀಜ,
ಒಂದರ ಹಾಗೆ ಒಂದಿಲ್ಲದ ಇನ್ನೂರು ಒಡಹುಟ್ಟು.

ಆರು ವರ್ಷದ ಹಿಂದೆ ಮಂಜು ಬೆಟ್ಟವೇರಿ ಬಂತು,
ಅದರ ಬೆನ್ನಿಗೆ ಅಂಗಮಾರಿ.
ಒಂದು ಗಿಡದ ಬೀಗ ತೆರೆದ ಕೀಲಿ
ಹೊಲದ ಬೀಗಕ್ಕೆಲ್ಲ ಹೊಂದಿತು.
ಮೂರೇ ದಿನ. ಎಲೆ ಕಪ್ಪಾಗಿ ಹೊಲ ನಾರಿತು.
ಸಾಯುವುದನ್ನು ಮರೆತದ್ದಕ್ಕೆಲ್ಲ
ಒಟ್ಟಿಗೇ ನೆನಪಾಯಿತು.

ಮಡಿಲಲ್ಲಿರುವುದು, ಇನ್ನೂ ಮೇಲಿನ ಊರಿಂದ
ತಂಗಿ ಬ್ರಿಖಿದಾ ಶಾಲಿನಲ್ಲಿ ಕಟ್ಟಿ ಕಳಿಸಿದ್ದು.
ಅಂದರೆ ಅದೇ. ಹೋದದ್ದೇ ಬಂತು.

ಆದರೆ ಅದೇ ವರ್ಷ ಗೋಡೆಯ ಬುಡದಲ್ಲಿ,
ಕುರಿ ಕಟ್ಟುವ ಜಾಗದಲ್ಲಿ,
ಕವಣೆ ಗುರಿ ತಪ್ಪಿದ ಕಾಯಿ ಕೊಳೆತಲ್ಲಿ
ಹನ್ನೊಂದು ಸಸಿ, ಕೂದಲೆಳೆಯಷ್ಟು ಕಾಂಡ.
ಕಳೆಯೆಂದು ಕೀಳಲು ಬಗ್ಗಿ ಯಾಕೋ ಬಿಟ್ಟಳು.
ಒಂಬತ್ತು ಸತ್ತವು.
ಹತ್ತನೆಯದು ಗಿನಿಹಂದಿಯ ಹಿಕ್ಕೆಯಷ್ಟು ಗಡ್ಡೆ ಬಿಟ್ಟು
ನಾಲಿಗೆ ಸುಡುವಷ್ಟು ಕಹಿಯಾಯಿತು.
ಹನ್ನೊಂದನೆಯದು ಕಪ್ಪಲ್ಲ, ಬಿಳಿಯಲ್ಲ;
ಮುರಿದರೆ ಹಳದಿಯೊಳಗೊಂದು ನೇರಳೆ ಉಂಗುರ.
ಯಾರ ಮನೆಯ ಮೂಗಪ್ಪ ಇದಕ್ಕೆ ಅಂತ
ನಾದಿನಿಯರಿಬ್ಬರು ಸಂಜೆತನಕ ಜಗಳಾಡಿದರಂತೆ.
ಮಾರನೆ ವರ್ಷ ಮತ್ತೆ ಮಂಜು ಬಂತು.
ಅದು ಎಲೆಗೆರಡು ಚುಕ್ಕೆ ಹಾಕಿಸಿಕೊಂಡು ಸುಮ್ಮನಿತ್ತು.

ಹೆಸರೇನಿಟ್ಟಿರಿ ಅಂದೆ.
ಹೆಸರಿಗೇನು ಅವಸರ, ಇನ್ನಷ್ಟು ಜನ ತಿನ್ನಲಿ ಅಂದಳು.
ಚಾಕು ಲಂಗಕ್ಕೆ ಒರೆಸಿ ಉಂಗುರದ ಗಡ್ಡೆ ಹೆಚ್ಚಿದಳು.
ಮದುವೆ ಅದಕ್ಕೆ ಆದದ್ದು ಒಮ್ಮೆ, ಹೂವಿನಲ್ಲಿ, ಯಾರೂ ನೋಡದೆ;
ಇನ್ನು ಇವಳ ಕೈಯಲ್ಲಿ ಅದೂ ಅದೇ ಆಗಿ ಉಳಿಯಬೇಕು,
ಇನ್ನೊಂದು ಮಂಜು ಇನ್ನೊಂದು ಕೀಲಿ ತರುವವರೆಗೆ.
ಒಂದು ಸಾಲು ಕಪ್ಪು, ಪಕ್ಕದ ಸಾಲು ಹೆಸರಿಲ್ಲದ್ದು,
ಕಣ್ಣು ಮೇಲಾಗಿ ಇಟ್ಟು ಮಣ್ಣೆಳೆದಳು.

ದುಂಬಿಗೆ ಇನ್ನೂ ನಾಲ್ಕು ತಿಂಗಳು ಬಿಡುವು.