ಸೀಟಿನ ಮೇಲೆ ಕೋಳಿ

ಪಂಕ್ಚರ್ ಆದದ್ದು ಒಂದೇ ಸಲ, ನಿಜ ಹೇಳಬೇಕೆಂದರೆ.
ಇನಾಸ್ ಅರ್ಧ ಗಂಟೆಯಲ್ಲಿ ತೇಪೆ ಹಾಕಿಕೊಟ್ಟ.
ಆದರೂ ಮರುದಿನ ಟೆಂಪೋ ಹತ್ತಿದೆ,
ಅದರ ಮರುದಿನ ಎದುರುಗಾಳಿ ಎಂದೆ,
ಆಮೇಲೆ ನೆಪ ಹೇಳುವುದನ್ನೂ ಬಿಟ್ಟೆ.

ಅಂಗಳದ ಮೂಲೆಗೆ ಒರಗಿದ ಸೈಕಲ್
ಉಪ್ಪುಗಾಳಿಗೆ ಒಂದೊಂದೇ ಕಡ್ಡಿ ಒಪ್ಪಿಸಿತು.
ಅತ್ತೆ ಹ್ಯಾಂಡಲಿಗೆ ಮೀನಿನ ಬುಟ್ಟಿ ತೂಗುಹಾಕಿದಳು.
ಸೀಟಿನ ಮೇಲೆ ಕೋಳಿ ಕೂತು
ನನ್ನನ್ನು ನೋಡುತ್ತಿತ್ತು, ಬಾಡಿಗೆ ಕೇಳುವವಳ ಹಾಗೆ.

ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು ನಾನು,
ಟೆಂಪೋಗೆ ದಿನಕ್ಕೆ ನಲವತ್ತು ಎಂದು ಗೊತ್ತು.
ಗೊತ್ತಿದ್ದೂ ಹತ್ತುತ್ತಿದ್ದೆ
ಚಿಲ್ಲರೆ ಎಣಿಸಿಟ್ಟುಕೊಂಡು.

ನಿನ್ನೆ ಸುರಂಗದೊಳಗೆ ನಿಂತುಬಿಟ್ಟಿತು ಗಾಡಿ.
ಮುಂದೆ ಟ್ಯಾಂಕರ್, ಹಿಂದೆ ಅದಿರಿನ ಲಾರಿ,
ಹದಿನಾರು ಜನರ ಬೆವರಿಗೆ ಒಂದೇ ಕಿಟಕಿ.
ಪಕ್ಕದ ಲೋಚನಾ ಕೇಳಿದಳು, ಸುಮ್ಮನೆ,
ಹೊತ್ತು ಕಳೆಯಲು:
"ಹಳೇ ರಸ್ತೆಯ ತಿರುವಲ್ಲಿ ಈಗಲೂ ಕಡಲು ಕಾಣ್ತದಾ?"

ಬಾಯಿ ತೆರೆದೆ.
ಎಂಟು ತಿಂಗಳಾಗಿತ್ತು.

ಇವತ್ತು ಬೆಳಿಗ್ಗೆ ಕೋಳಿಯನ್ನು ಎಬ್ಬಿಸಿದೆ.
ಚೈನಿಗೆ ತೆಂಗಿನೆಣ್ಣೆ ಹೊಯ್ದೆ, ಬೇರೆ ಇರಲಿಲ್ಲ.
ಬಿಣಗಾದ ಏರಿನಲ್ಲಿ ಅರ್ಧ ತುಳಿದೆ, ಅರ್ಧ ತಳ್ಳಿದೆ,
ಮೊಣಕಾಲು ಕೊಂಕಣಿಯಲ್ಲಿ ಬೈಯಿತು.
ತಿರುವಿನಲ್ಲಿ ಕಾಲೂರಿ ನಿಂತೆ.
ಬೂದಿಬಣ್ಣದ ನೀರು, ಎರಡು ಪರ್ಸಿನ್ ಬೋಟು,
ವಿಶೇಷವೇನಿಲ್ಲ.
ಕಾಣ್ತದೆ, ಲೋಚನಾ.

ಇಳಿಜಾರಿನಲ್ಲಿ ಬ್ರೇಕು ಕಿರುಚಿದ್ದಕ್ಕೆ
ಬೈತಖೋಲದ ನಾಯಿಗಳೆಲ್ಲ ಎದ್ದು ಬೊಗಳಿದವು.
ಮೈಯೆಲ್ಲ ಕೊಬ್ಬರಿ ವಾಸನೆ.
ನಾಳೆಯದು ನಾಳೆ.
ಪರ್ಸಿನಲ್ಲಿ ಟೆಂಪೋದ ಚಿಲ್ಲರೆ ಹಾಗೇ ಇದೆ,
ಪ್ರತಿ ಹೊಂಡಕ್ಕೂ ಸದ್ದು ಮಾಡುತ್ತ.