ಬೀಸುಕಲ್ಲ ತೋಪಿನವರು

ಹೆಸ್ಟರ್ ಕ್ವರ್ನ್‌ಶಾ, ಎಪ್ಪತ್ತಾರು,
ಗೂಲ್ ಬಂದರಿನ ತೂಕದ ಕಟ್ಟೆಯಲ್ಲಿ ಮೂವತ್ತು ವರ್ಷ
ಕಲ್ಲಿದ್ದಲಿನ ಲೆಕ್ಕ ಬರೆದವಳು,
ಈಗ ಅಡುಗೆಮನೆಯ ಗೋಡೆಗೆ ಇಂಗ್ಲೆಂಡನ್ನು ನೇತುಹಾಕಿ
ತನ್ನ ಹೆಸರಿನವರನ್ನು ಎಣಿಸುತ್ತಾಳೆ.

ಸ್ಮಿತ್ ಆಗಿದ್ದರೆ ಗೋಡೆ ಸಾಲುತ್ತಿರಲಿಲ್ಲ.
ಇದು ಹಾಗಲ್ಲ.
ಬ್ಯಾಂಕಿನಲ್ಲಿ ಮೂರು ಸಲ ಕೇಳುತ್ತಾರೆ,
ಔಷಧಿಯಂಗಡಿಯ ಹುಡುಗಿ ಬೇರೇನೋ ಬರೆದು ನಗುತ್ತಾಳೆ.
ಮದುವೆಯ ಕಾಗದದಲ್ಲಿ ಒಂದು, ಸಾವಿನ ಕಾಗದದಲ್ಲಿ ಇನ್ನೊಂದು,
ಒಬ್ಬನೇ ಮುತ್ತಜ್ಜ, ಎರಡು ಕಾಗುಣಿತ.
ಬರೆಯಲು ಬಾರದವನ ಹೆಸರು
ಬರೆಯಬಲ್ಲವನ ಕೈಗೂಸು.

ಕ್ವರ್ನ್ ಎಂದರೆ ಬೀಸುವ ಕಲ್ಲು.
ಶಾ ಎಂದರೆ ಹೊಲದಂಚಿನ ಪುಟ್ಟ ತೋಪು.
ನಾನು ಇದನ್ನು ನಮ್ಮ ಲಿಪಿಯಲ್ಲಿ ಬರೆದರೆ
ಕಕಾರದಡಿಗೆ ವಕಾರದ ಒತ್ತು
ಬೀಸುಕಲ್ಲಿನ ಕೆಳಹೋಳಿನಂತೆ ಕೂರುತ್ತದೆ.
ಅವಳಿಗೆ ಇದು ಗೊತ್ತಿಲ್ಲ. ನನಗೆ ಸುಮ್ಮನೆ ಖುಷಿ.

ದೊಡ್ಡಪ್ಪ ಎಬನೀಜರ್ ಹೇಳುತ್ತಿದ್ದ:
ನಾವು ಗೆದ್ದ ದೊರೆಯ ಹಡಗಿನಲ್ಲಿ ಬಂದವರು,
ಕುದುರೆಯಿಂದ ಇಳಿಯದೆಯೇ ಈ ಕಣಿವೆಯನ್ನು ಪಡೆದವರು.
ಅಂಚೆಯಲ್ಲಿ ತರಿಸಿದ ಲಾಂಛನ ಅವನ ಬಚ್ಚಲಿನ ಬಾಗಿಲ ಮೇಲಿತ್ತು.
ಹೆಸ್ಟರ್‌ಗೆ ಸಿಕ್ಕಿದ್ದು ಹರಿದ ತೆರಿಗೆ ಪಟ್ಟಿ:
'ಆಡಮ್, ಬೀಸುಕಲ್ಲ ತೋಪಿನವ,
ನಾಲ್ಕು ಪೆನ್ನಿ, ಬಾಕಿ.'

ಬೆಟ್ಟದ ಮೂಡಣ ಇಳುಕಲಿನಲ್ಲಿ ಹತ್ತೊಂಬತ್ತು ಗುಂಡುಸೂಜಿ,
ಒಂದು ಮಧ್ಯಾಹ್ನ ನಡೆದು ಮುಗಿಸಬಹುದಾದಷ್ಟೇ ಜಾಗ.
ಐನೂರು ವರ್ಷ ಅವರ ದೂರ ಪ್ರಯಾಣವೆಂದರೆ
ಪಕ್ಕದ ಕಣಿವೆಗೆ ಹೆಣ್ಣು ಕೇಳಲು ಹೋದದ್ದು.
ಆಮೇಲೆ ಉಗಿಯಂತ್ರ ಬಂತು,
ಕಲ್ಲು ಉರುಳಿತು ನದಿಯ ಗುಂಟ.
ಲೀಡ್ಸಿನ ಬಣ್ಣದ ಬಾವಿಗಳಿಗೆ ಕೆಲವರು,
ಹಲ್‌ನ ಮೀನುದೋಣಿಗಳಿಗೆ ಆರು ಮಂದಿ.
ಗಿಣ್ಣಿನ ಗಡ್ಡೆ ಕದ್ದ ಒಬ್ಬ ಟ್ಯಾಸ್ಮೇನಿಯಾಕ್ಕೆ.
ಗೋಡೆಯ ನಕ್ಷೆ ಅಷ್ಟು ದೂರ ಹೋಗುವುದಿಲ್ಲ,
ಅವನನ್ನು ಫ್ರಿಜ್ಜಿನ ಬಾಗಿಲಿಗೆ
ಅಯಸ್ಕಾಂತದಿಂದ ಅಂಟಿಸಿದ್ದಾಳೆ.

ಒಂದೇ ಬೆಳಗ್ಗೆ ಫ್ರಾನ್ಸಿನ ಕೆಸರಿನಲ್ಲಿ ನಾಲ್ವರು.
ಸೂಜಿ ಕಿತ್ತಿದ್ದಾಳೆ, ತೂತು ಹಾಗೇ ಇವೆ.
ಹೆಣ್ಣುಮಕ್ಕಳಿಗೋ ಮೊದಲಿಂದಲೂ ಸೂಜಿಯಿಲ್ಲ,
ಉಂಗುರ ತೊಟ್ಟ ದಿನವೇ ನಕ್ಷೆಯಿಂದ ಉದುರಿದರು.
ಅಕ್ಕ ಮ್ಯೂರಿಯಲ್ ಈಗ ಬೇರೆ ಏನೋ.
ಹೆಸ್ಟರ್ ಉಳಿದದ್ದು,
ಟಗ್‌ದೋಣಿಯ ಆ ಮನುಷ್ಯ
ಮತ್ತೆ ಬರೆಯದೇ ಇದ್ದದ್ದರಿಂದ.

ಭಾನುವಾರ ಸಂಜೆ ಫೋನು.
ಗ್ರಿಮ್ಸ್‌ಬಿಯ ಒಂದು ನಂಬರು, ಇಲ್ಲಿಯದಲ್ಲದ ದನಿ.
'ನೀವು ಯಾವ ಕವಲಿನವರು?
ಹಲ್‌ನವರೋ, ಮೇಲಿನ ಕಣಿವೆಯವರೋ?'
ಆತ ಸ್ವಲ್ಪ ಹೊತ್ತು ಸುಮ್ಮನಿದ್ದ.
'ಸಮಾಧಿಕಲ್ಲಿನ ಮೇಲೆ ಸಿಕ್ಕಿತು ಮೇಡಂ.
ಬಂದ ಹೊಸತು, ಬಸ್ಸು ತಪ್ಪಿ ಚರ್ಚಿನ ಅಂಗಳದಲ್ಲಿ ನಿಂತಿದ್ದೆ.
ನಮ್ಮೂರಿನಲ್ಲಿ ನನ್ನ ಹಳೆಯ ಹೆಸರನ್ನು
ಪಟ್ಟಿ ಹಿಡಿದು ಹುಡುಕುತ್ತಿದ್ದರು.
ಮೊದಲರ್ಧ ಪಾಚಿ ತಿಂದಿತ್ತು, ಇಷ್ಟು ಉಳಿದಿತ್ತು.
ಯಾರೂ ಬಳಸುತ್ತಿಲ್ಲ ಅಂದುಕೊಂಡೆ.
ವಾಪಸ್ ಬೇಕೆ?'

ಕೆಟಲು ಕುದಿದು ತಾನೇ ಆರಿತು.
ತೂಕದ ಕಟ್ಟೆಯಲ್ಲಿ ಕುಳಿತವಳಿಗೆ
ಗೊತ್ತಿರುವುದು ಒಂದೇ ಪರೀಕ್ಷೆ.
'ಅಕ್ಷರ ಬಿಡಿಸಿ ಹೇಳಿ,' ಅಂದಳು.
ಆತ ಹೇಳಿದ, ಮೆಲ್ಲಗೆ,
ಕಾಳು ಹಾಕುವ ಹಾಗೆ ಒಂದೊಂದೇ,
ಇದ್ದೂ ಕೇಳಿಸದ ಕೊನೆಯ ಅಕ್ಷರವನ್ನೂ ಬಿಡದೆ.
ಎಪ್ಪತ್ತಾರು ವರ್ಷದಲ್ಲಿ ಹೊರಗಿನವರೊಬ್ಬರು
ತಪ್ಪಿಲ್ಲದೆ ಹೇಳಿದ್ದು ಇದೇ ಮೊದಲು.

'ಮನೆಯಲ್ಲಿ ಎಷ್ಟು ಜನ?'
'ಹೆಂಡತಿ. ಮೂರು ಮಕ್ಕಳು. ಯಾಕೆ?'

ಡಬ್ಬಿ ಅಲ್ಲಾಡಿಸಿದಳು.
ಎರಡೇ ಸೂಜಿ.
'ಒಂದು ನಿಮಿಷ,' ಅಂದಳು, 'ಫೋನು ಇಡಬೇಡಿ,'
ಹೊಲಿಗೆಯ ಪೆಟ್ಟಿಗೆ ಎಲ್ಲಿಟ್ಟೆನೆಂದು
ಕನ್ನಡಕ ಹುಡುಕತೊಡಗಿದಳು.