ಮುಳ್ಳು

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ
ಬಾಯ್ಲರಿನ ಮುಳ್ಳು ಕಾಯುವುದು ನನ್ನ ಕೆಲಸ.
ಕೆಂಪು ಗೀಟು ಮುಟ್ಟಿತೋ, ವಾಲ್ವು ಬಿಡುತ್ತಿದ್ದೆ.
ಬುಸ್ಸೆಂದು ಆವಿ ಹೋಗುತ್ತಿತ್ತು,
ಹೊರಗೆ ಹಿಂಡಿ ತುಂಬುವ ಹೆಂಗಸರು
ಮುಖಕ್ಕೆ ಸೆರಗು ತಂದು ನನ್ನ ವಂಶ ಬಯ್ಯುವರು.

ಈಗ ಎಣ್ಣೆ ಬಲಗಣ್ಣೊಳಗೇ ಇದೆ.
ಶೇಂಗಾದ್ದಲ್ಲ, ಸಿಲಿಕಾನ್ ಅಂದರು ಡಾಕ್ಟರಮ್ಮ,
ಕಳಚಿದ ಪರದೆಯನ್ನು ಗೋಡೆಗೆ ಒತ್ತಿ ಹಿಡಿಯಲಿಕ್ಕೆ.
ಎಣ್ಣೆ ಮೇಲಕ್ಕೇ ತೇಲುತ್ತದೆ.
ನನಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.
ಅದಕ್ಕೇ ಹನ್ನೆರಡು ದಿನ ಬೋರಲು,
ನೆಲದ ಜೊತೆ ಸಂಸಾರ.
ಬಂದವರ ಪಾದವಷ್ಟೇ ಕಂಡೆ:
ಒಡೆದ ಹಿಮ್ಮಡಿ ಓಬಕ್ಕನದು,
ಗ್ರೀಸು ಹತ್ತಿದ ಚಪ್ಪಲಿ ಫಿಟ್ಟರ್ ಮಹಬೂಬನದು,
ಕಿರುಬೆರಳು ಪಕ್ಕಕ್ಕೆ ಹೊರಳಿದ್ದು ನನ್ನವಳದು.
ಮದುವೆಯಾಗಿ ಮೂವತ್ತು ವರ್ಷ,
ಆ ಬೆರಳನ್ನು ನಾನು ನೋಡಿಯೇ ಇರಲಿಲ್ಲ.

ಎರಡು ತಿಂಗಳು ಸುಮ್ಮನಿತ್ತು.
ಆಮೇಲೊಂದು ನಸುಕು, ದುರ್ಗದಲ್ಲಿ ಬಸ್ಸು ಬದಲಿಸುವಾಗ
ಪ್ರತಿ ದೀಪಕ್ಕೂ ಬಣ್ಣದ ಬಳೆ.
ಹುಬ್ಬಿನ ಹಿಂದೆ ಯಾರೋ ಚಾಣ ಇಟ್ಟು ಬಡಿಯುತ್ತಿದ್ದರು.
ಭರಮಸಾಗರದ ಹತ್ತಿರ ಕಿಟಕಿಯಾಚೆ ವಾಂತಿ.

ದಾವಣಗೆರೆಯ ಆಸ್ಪತ್ರೆ, ಕತ್ತಲ ಕೋಣೆ.
ನಸ್ರೀನ್ ಎಂದು ಬಿಲ್ಲೆ, ಎಡಗಣ್ಣಲ್ಲಿ ಓದಿದೆ.
ನೀಲಿ ದೀಪ ನನ್ನ ಕಣ್ಣಿಗೆ ತಾಗಿಸಿ
ಮೂವತ್ತೆಂಟು ಅಂದಳು ಹುಡುಗಿ, ಮೆಲ್ಲಗೆ,
ಬೇರೆ ಯಾರಿಗೋ ಹೇಳುವ ಹಾಗೆ.
ಗೀಟು ಎಷ್ಟಕ್ಕಮ್ಮ?
ಇಪ್ಪತ್ತೊಂದು.

ಎಣ್ಣೆ ಒಡೆದಿದೆಯಂತೆ. ಕಾಳಿಗಿಂತ ಸಣ್ಣ ಗುಳ್ಳೆಗಳಾಗಿ
ನೀರು ಬಸಿಯುವ ದಾರಿಗೆ ಅಡ್ಡ ಕೂತಿದೆಯಂತೆ.
ಗೊತ್ತು. ಕಲಕಿದ ಎಣ್ಣೆಗೆ ನೀರು ಸೇರಿದರೆ ಮಜ್ಜಿಗೆಯಾಗುತ್ತದೆ,
ಅಂಥ ಪೀಪಾಯಿ ಎಷ್ಟೋ ವಾಪಸು ಬಂದಿವೆ.
ಆದರೆ ಇಲ್ಲಿ ವಾಲ್ವು ಎಲ್ಲಿದೆ?

ಹೊತ್ತಿಗೆ ಸರಿಯಾಗಿ ಹನಿ. ಗಂಟಲಿಗಿಳಿದಾಗ ಕಹಿ.
ತೆಗೆದರೆ ಪರದೆ ಮತ್ತೆ ಕಳಚೀತು,
ಬಿಟ್ಟರೆ ನರ ಒಣಗೀತು,
ಯೋಚನೆ ಮಾಡಿ ಹೇಳಿ ಅಂದರು ಡಾಕ್ಟರಮ್ಮ.
ಮಿಲ್ಲಿನಲ್ಲಿ ಯೋಚನೆಗೆ ಹೊತ್ತಿರುತ್ತಿರಲಿಲ್ಲ,
ಕೈ ತಾನೇ ಹೋಗುತ್ತಿತ್ತು.

ತೆಗೆಯಿರಿ ಅಂದೆ.
ತೆಗೆದದ್ದನ್ನು ಚೆಲ್ಲಬೇಡಿ,
ಒಂದು ಶೀಸೆಗೆ ಹಾಕಿ ಬೆಳಕಿಗೆ ಹಿಡಿಯಿರಿ,
ನನಗೆ ಅದರ ಬಣ್ಣ ನೋಡಬೇಕು.
ಯಾವ ಕಣ್ಣಲ್ಲಾದರೂ.